ಸಂಖ್ಯೆಯ ಗುಣವೂ ಅದರ ಹೆಸರೂ

ಗಣಿತವನ್ನು ಕನ್ನಡದಲ್ಲಿ ಕಲಿತವರಿಗೆ ಮುಂದೆ ಕಾಲೇಜಿನಲ್ಲಿ ಗತಿಯಿಲ್ಲವೆಂಬ ಮಾತು ಈ ಮಹಾನಗರದಲ್ಲಿ ನಮ್ಮ ವಿದ್ಯಾರ್ಥಿಗಳ ಕಿವಿಗೆ ಆಗಾಗ ಬೀಳುತ್ತಿರುತ್ತದೆ. ಆ ಮಾತು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಒಂದು ದೊಡ್ಡ ಸಂಖ್ಯೆಯನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ.

ಆ ಸಂಖ್ಯೆ 12345654321. ಎಂದರೆ 1,234 ಕೋಟಿ 56 ಲಕ್ಷ 54 ಸಾವಿರದ 321. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಇದನ್ನು ಹೇಳಿದ್ದಾನೆ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಸಂಖ್ಯೆಯನ್ನು ಯಾವ ಕಡೆಯಿಂದ ಓದಿದರೂ ಒಂದೇ.

ಇದರ ಬೆಡಗಿಗೆ ಬೆರಗಾದರೆ ಸಾಲದು, ಕಾರಣವನ್ನು ಕೇಳಬೇಕು. 111111ನ್ನು ಅದರಿಂದಲೇ ಗುಣಿಸಿ ನೋಡಿರಿ. ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಬಲತುದಿಯ ಸ್ಥಾನದಲ್ಲಿ ಒಂದೇ ಒಂದು, ನಡುವೆ ಆರು ಒಂದುಗಳು, ಎಡತುದಿಯಲ್ಲಿ ಮತ್ತೆ ಒಂದೇ ಒಂದು. ಕೂಡಿದರೆ ನಮ್ಮ ಸಂಖ್ಯೆಯೇ ಬಂತು. ಆದುದರಿಂದ ಇದು ವರ್ಗಸಂಖ್ಯೆ.

ಇನ್ನೂ ಒಡೆಯೋಣ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಅದರ ವರ್ಗದಲ್ಲಿ ಇವು ಎರಡೆರಡು ಸಲ ಇರುತ್ತವೆ. ಭಾಜಕವೊಂದನ್ನು ಕಟ್ಟುವಾಗ ಒಂದೊಂದನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಐದು ಸಲ ಮೂರನ್ನು ಗುಣಿಸಿದರೆ ಒಟ್ಟು ಭಾಜಕಗಳು 243. ಇದು ಬೆಸಸಂಖ್ಯೆ, ಏಕೆಂದರೆ ಭಾಜಕಗಳೆಲ್ಲ ಜೋಡಿಜೋಡಿಯಾಗಿ ನಿಂತಾಗ 111111 ಮಾತ್ರ ತನಗೆ ತಾನೇ ಜೊತೆಯಾಗಿ ಉಳಿಯುತ್ತದೆ. ವರ್ಗಸಂಖ್ಯೆಗಳಿಗೆಲ್ಲ ಇದೇ ಲಕ್ಷಣ.

ಇಷ್ಟು ವಿಚಾರಕ್ಕೆ ಕನ್ನಡ ಎಲ್ಲಿಯಾದರೂ ಅಡ್ಡಬಂದಿತೇ? ಬದಲಾಗಿ ನೆರವಾಯಿತೆಂದೇ ನನ್ನ ಅಭಿಪ್ರಾಯ. ಭಾಗಿಸುವುದು ಭಾಜಕ. ಒಂದು ಮತ್ತು ತಾನು ಇವೆರಡನ್ನುಳಿದು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲಾಗದ್ದು ಅವಿಭಾಜ್ಯ. ಹೆಸರೇ ಗುಣವನ್ನು ಸಾರುತ್ತದೆ. ಕಾಲೇಜಿಗೆ ಹೋಗುವವರು ಇಂಗ್ಲಿಷಿನ ‘ಪ್ರೈಮ್’ ಎಂಬ ಹೆಸರನ್ನೂ ಕಲಿಯಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಥ ತಿಳಿದವನಿಗೆ ಇನ್ನೊಂದು ಹೆಸರು ಕಲಿಯಲು ಒಂದು ದಿನ ಸಾಕು. ಅರ್ಥ ತಿಳಿಯದೆ ಹೆಸರನ್ನಷ್ಟೇ ಉರುಹೊಡೆದವನಿಗೆ ವರ್ಷಗಳೂ ಸಾಲವು. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್‌ವರೆಗೆ ಓದಿ, ಈಗ ಪರನಾಡಿನಲ್ಲಿ ಪಾಠ ಹೇಳುತ್ತಿರುವ ನನಗೆ ಈ ವಿಷಯದಲ್ಲಿ ಸಂಶಯವಿಲ್ಲ.

ವಿದ್ಯಾರ್ಥಿಮಿತ್ರರೇ, ಸಂಕೋಚವನ್ನು ಬಿಡಿರಿ, ಕಾಗದವನ್ನು ಹಿಡಿಯಿರಿ. ಒಂಬತ್ತು ಒಂದುಗಳವರೆಗೂ ಈ ಏರಿಳಿತ ಕೆಡುವುದಿಲ್ಲ. ಹತ್ತು ಒಂದುಗಳ ವರ್ಗದಲ್ಲಿ ಕೆಡುತ್ತದೆ. ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ಯಂತ್ರವನ್ನು ಮುಟ್ಟದೆ ನೀವೇ ಕಂಡುಹಿಡಿಯಿರಿ. ಕಂಡುದನ್ನು ನಿಮ್ಮ ಕನ್ನಡದಲ್ಲಿಯೇ ಬರೆದು ತೋರಿಸಿರಿ.