ಸಾವಿನ ಮನೆಯ ಮಾತು

ಸಾವಾದ ಮನೆಗೆ ಹೋದವರು ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನುವ ವಾಡಿಕೆ ನಮ್ಮ ಕಡೆ ಇಲ್ಲ. ಸುಮ್ಮನೆ ಎದ್ದು ಬರಬೇಕು. ಚಿಕ್ಕಂದಿನಲ್ಲಿ ಇದು ನನಗೆ ಒರಟುತನವೆಂದು ತೋರುತ್ತಿದ್ದಿತು. ವಯಸ್ಸಾದಂತೆ ಅದರ ಔಚಿತ್ಯ ತಿಳಿಯಿತು. ಅಂತಹ ಮನೆಯಲ್ಲಿ ನಾಲಗೆಗೆ ಕೆಲಸ ಕಡಿಮೆ. ಹೋದವನು ತನ್ನ ಸುಖದುಃಖದ ಸುದ್ದಿಯನ್ನೆಲ್ಲ ಹೊಸ್ತಿಲ ಹೊರಗೇ ಬಿಟ್ಟು ಒಳಗೆ ಕಾಲಿಡಬೇಕು.

ಗೃಹಸ್ಥರಿಗೆ ಒಪ್ಪುವ ಈ ಮೌನ ರಾಷ್ಟ್ರನಾಯಕರಿಗೆ ಒಪ್ಪದು, ನಿಜ. ಅವರು ಮಾತನಾಡದಿದ್ದರೆ ಕಲ್ಲೆದೆಯವರೆಂದು ಜನ ದೂರುತ್ತಾರೆ. ಆದರೆ ಮಾತನಾಡಲೇಬೇಕಾದವನ ಮಾತಿನಲ್ಲಿ ಮರುಕ ಎಷ್ಟು, ಬಾಯುಪಚಾರ ಎಷ್ಟು ಎಂದು ಅಳೆಯುವುದು ಹೇಗೆ? ಅಮೆರಿಕದಲ್ಲಿ 2019ರ ಆಗಸ್ಟ್ ತಿಂಗಳ ಮೊದಲ ವಾರ ನಡೆದುದನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಆ ತಿಂಗಳ 3ರಂದು, ಶನಿವಾರ ಬೆಳಿಗ್ಗೆ, ಟೆಕ್ಸಾಸ್ ಸಂಸ್ಥಾನದ ಎಲ್ ಪಾಸೊ ನಗರದ ವಾಲ್‌ಮಾರ್ಟ್ ಮಳಿಗೆಗೆ ಬಂದೂಕು ಹಿಡಿದು ಬಂದ ತರುಣನೊಬ್ಬ ಕಂಡವರ ಮೇಲೆ ಗುಂಡಿನ ಮಳೆಗರೆದನು. ಅದು ಮೆಕ್ಸಿಕೊ ಗಡಿಯ ಊರು. ಗಡಿಯಾಚೆಯಿಂದ ಸಾಮಾನು ಕೊಳ್ಳಲು ಬಂದವರೂ ಅಲ್ಲಿದ್ದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ನರಳಿ 2020ರಲ್ಲಿ ತೀರಿಕೊಂಡವರೊಬ್ಬರನ್ನು ಸೇರಿಸಿ ಸತ್ತವರು 23 ಮಂದಿ. ಟೆಕ್ಸಾಸಿನ ಮೇಲೆ ಪರಜನಾಂಗದವರ ‘ಆಕ್ರಮಣ’ ನಡೆದಿದೆಯೆಂದು ಕೊಲೆಗಾರನು ಮೊದಲೇ ಬರೆದು ಪ್ರಕಟಿಸಿದ್ದನು. ಇನ್ನೂ ಒಂದು ದಿನ ಕಳೆದಿರಲಿಲ್ಲ. ಒಹಾಯೊ ಸಂಸ್ಥಾನದ ಡೇಟನ್ ನಗರದಲ್ಲಿ ಮತ್ತೊಬ್ಬನು ಗುಂಡು ಹಾರಿಸಿ ಒಂಬತ್ತು ಮಂದಿಯನ್ನು ಕೊಂದನು. ಅಲ್ಲಿಯ ಪೊಲೀಸರು ಸುಮಾರು ಅರ್ಧ ನಿಮಿಷದಲ್ಲಿ ಅವನನ್ನು ಹೊಡೆದುರುಳಿಸಿದ್ದರು. ಒಂಬತ್ತು ಜೀವ ಹೋಗಲು ಆ ಅರ್ಧ ನಿಮಿಷ ಸಾಕಾಯಿತು!

5ರಂದು ಅಧ್ಯಕ್ಷ ಟ್ರಂಪರು ಶ್ವೇತಭವನದಿಂದ ರಾಷ್ಟ್ರವನ್ನು ಉದ್ದೇಶಿಸಿ ಮಾತನಾಡಿದರು. ನ್ಯಾಯವಾಗಿ ಹೇಳಬೇಕೆಂದರೆ, ಬರೆದುಕೊಟ್ಟ ಆ ಭಾಷಣ ಕೆಟ್ಟದಾಗಿರಲಿಲ್ಲ. ವರ್ಣದ್ವೇಷವನ್ನೂ ಬಿಳಿಯರೇ ಮೇಲೆಂಬ ಮತವನ್ನೂ ಅವರು ಹೆಸರು ಹಿಡಿದೇ ಖಂಡಿಸಿದರು. ಬಂದೂಕಿನ ಕುದುರೆಯನ್ನು ಎಳೆಯುವುದು ಮನೋವ್ಯಾಧಿ ಮತ್ತು ದ್ವೇಷವೇ ಹೊರತು ಬಂದೂಕಲ್ಲ ಎಂಬುದೊಂದು ಮಾತೂ ಅದರಲ್ಲಿ ಇದ್ದಿತು. ಮನೋವ್ಯಾಧಿಯೂ ದ್ವೇಷವೂ ಇಲ್ಲದ ದೇಶ ಭೂಮಿಯ ಮೇಲೆ ಯಾವುದಿದೆಯೋ ನಾನು ಕಾಣೆ, ಅದಿರಲಿ. ಕೊನೆಗೆ ಮಡಿದವರ ಸ್ಮರಣೆಯನ್ನು ದೇವರು ಹರಸಲೆಂದು ಬೇಡುವಾಗ ಅವರ ಬಾಯಿಂದ ಬಂದ ಹೆಸರು ಡೇಟನ್ ಅಲ್ಲ, ಟೊಲೀಡೊ. ಅದು ಅದೇ ಸಂಸ್ಥಾನದ ಬೇರೊಂದು ಊರು. ನಾಲಗೆ ಯಾರದಾದರೂ ತಪ್ಪೀತು. ಅದೊಂದನ್ನೇ ಅಪರಾಧವೆಂದು ಎಣಿಸಲು ನನಗೆ ಮನಸ್ಸಿಲ್ಲ. ಆದರೆ ಹೆಣವಿನ್ನೂ ಮಣ್ಣಾಗದ ಊರಿನ ಹೆಸರು ಎದೆಯಲ್ಲಿ ನಾಟಿದ್ದರೆ ಹಾಗೆ ತಪ್ಪುತ್ತಿದ್ದಿತೆ?

‘ಆಕ್ರಮಣ’ ಎಂಬ ಆ ಪದವನ್ನು ಮೆಕ್ಸಿಕೊ ಗಡಿಯಿಂದ ಬರುವವರ ವಿಷಯದಲ್ಲಿ ಟ್ರಂಪರೇ ಹಲವು ಬಾರಿ ಬಳಸಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಫ್ಲಾರಿಡದ ಸಭೆಯೊಂದರಲ್ಲಿ, ಇವರನ್ನು ತಡೆಯುವುದು ಹೇಗೆಂದು ಅವರು ಕೇಳಿದಾಗ ಯಾರೋ ಒಬ್ಬರು ‘ಗುಂಡಿಕ್ಕಿ’ ಎಂದು ಕೂಗಿದರು. ಅಧ್ಯಕ್ಷರು ಗದರಿಸಲಿಲ್ಲ, ಇಂತಹ ಮಾತಾಡಿ ದಕ್ಕಿಸಿಕೊಳ್ಳುವುದು ಈ ಸೀಮೆಯಲ್ಲಿ ಮಾತ್ರ ಸಾಧ್ಯವೆಂದು ವಿನೋದ ಮಾಡಿದರು. ಸಭೆ ನಕ್ಕಿತು. ತನ್ನ ಅಭಿಪ್ರಾಯಗಳು ಟ್ರಂಪರಿಗಿಂತ ಮೊದಲಿನವೆಂದು ಎಲ್ ಪಾಸೊದ ಕೊಲೆಗಾರನೇ ಬರೆದಿದ್ದನು, ಅದನ್ನು ಒಪ್ಪೋಣ. ಕೊಲೆಯ ಹೊಣೆಯನ್ನು ಅಧ್ಯಕ್ಷರ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ಆದರೆ ಮೇ ತಿಂಗಳಲ್ಲಿ ನಕ್ಕ ಬಾಯಿ ಆಗಸ್ಟಿನಲ್ಲಿ ದ್ವೇಷವನ್ನು ಖಂಡಿಸಿದಾಗ, ನಡುವೆ ತನ್ನ ನಗೆಯ ಬಗ್ಗೆ ಒಂದು ಮಾತನ್ನಾದರೂ ಆಡಬೇಡವೆ? ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತಾರಲ್ಲ, ಆ ಗಾದೆ ಇಲ್ಲಿ ನೆನಪಾಗದೆ ಇರದು.

ಇದನ್ನೇ ಹಿಡಿದು ಎಲ್ ಪಾಸೊದವರೇ ಆದ ಬೀಟೊ ಒ’ರೂರ್ಕ್ ಅವರು ಟೀಕಿಸಿದಾಗ, ಮೃತರಿಗೆ ಗೌರವ ತೋರಿಸಿ ಬಾಯಿ ಮುಚ್ಚಿಕೊಂಡಿರಬೇಕೆಂದು ಅಧ್ಯಕ್ಷರು ಟ್ವಿಟರಿನಲ್ಲಿ ಬರೆದರು. ಉಪದೇಶವೇನೋ ಸರಿ, ಉಪದೇಶಿಸಿದವರು ಅದನ್ನು ಒಂದು ದಿನವೂ ಪಾಲಿಸಲಿಲ್ಲ. 7ರಂದು ರಾಜಕೀಯ ಜಗಳದಿಂದ ದೂರವಿರಬಯಸುವೆನೆಂದು ಹೇಳಿ ಹೊರಟವರು, ಡೇಟನ್ ಆಸ್ಪತ್ರೆಯನ್ನು ಕಂಡು ವಿಮಾನವೇರಿದೊಡನೆ ಆ ನಗರದ ಮೇಯರನ್ನೂ ಒಹಾಯೊದ ಸೆನೆಟರ್ ಷೆರಾಡ್ ಬ್ರೌನರನ್ನೂ ಹಳಿದರು. ಸೋಜಿಗವೆಂದರೆ, ಗಾಯಾಳುಗಳು ಅಧ್ಯಕ್ಷರನ್ನು ಚೆನ್ನಾಗಿಯೇ ಬರಮಾಡಿಕೊಂಡರೆಂದು ಅವರಿಬ್ಬರೂ ಹೇಳಿದ್ದರು. ಅದರ ಜೊತೆಗೆ ಬಂದೂಕಿನ ಕಾಯಿದೆಯ ಮಾತನ್ನೂ ಎತ್ತಿದ್ದರು.

ಎಲ್ ಪಾಸೊದ ಆಸ್ಪತ್ರೆಯಲ್ಲಿ ಇನ್ನೂ ಹಾಸಿಗೆ ಹಿಡಿದಿದ್ದ ಎಂಟು ಮಂದಿಯಲ್ಲಿ ಒಬ್ಬರೂ ಅಧ್ಯಕ್ಷರನ್ನು ಕಾಣಲು ಒಪ್ಪಲಿಲ್ಲವೆಂದು ವರದಿಯಾಯಿತು. ಅಲ್ಲಿಯ ವೈದ್ಯರು, ದಾದಿಯರ ನಡುವೆ ನಿಂತು ಅವರು ಆಡಿದ ಮಾತುಗಳ ಚಿತ್ರ ಮರುದಿನ ಹೊರಬಿದ್ದಿತು. ನಾನು ಅದನ್ನು ಎರಡು ಸಲ ನೋಡಿದೆ, ಒಮ್ಮೆಗೆ ನಂಬಿಕೆ ಬಾರದೆ. ಆ ಊರಿನಲ್ಲಿ ಫೆಬ್ರವರಿಯಲ್ಲಿ ತಾವು ನಡೆಸಿದ ಚುನಾವಣಾ ಸಭೆಗೆ ಎಷ್ಟು ಜನ ಕೂಡಿದ್ದರು, ಎದುರಾಳಿ ಒ’ರೂರ್ಕ್ ಅವರ ಸಭೆಗೆ ಎಷ್ಟು ಕಡಮೆ ಜನ ಬಂದಿದ್ದರು ಎಂದು ಅವರು ಬಣ್ಣಿಸುತ್ತಿದ್ದರು. ಗುಂಡಿಗೆ ಬಲಿಯಾದ ತಂದೆತಾಯಿಗಳ ಎರಡು ತಿಂಗಳ ಹಸುಗೂಸನ್ನು ಅಲ್ಲಿಗೆ ಕರೆತಂದಿದ್ದರು. ಅಧ್ಯಕ್ಷರ ಪತ್ನಿ ಅದನ್ನು ಎತ್ತಿಕೊಂಡಿದ್ದಾರೆ. ಪಕ್ಕದಲ್ಲಿ ಅಧ್ಯಕ್ಷರು ನಗುತ್ತ ಹೆಬ್ಬೆರಳೆತ್ತಿ ನಿಂತಿದ್ದಾರೆ. ಆ ಭೇಟಿಯಿಂದ ಸಾಂತ್ವನ ದೊರೆಯಿತೆಂದು ಮಗುವಿನ ಬಂಧುವೊಬ್ಬರು ಹೇಳಿದರು. ಅವರ ಸಾಂತ್ವನವನ್ನು ಅಲ್ಲಗಳೆಯಲು ನಾನಾರು? ಆ ಹೆಬ್ಬೆರಳನ್ನು ಮಾತ್ರ ನನ್ನಿಂದ ಮರೆಯಲಾಗಿಲ್ಲ.

ಇಷ್ಟಾದರೂ ಮಾತು ಒರಟಾಗಿ ಕೆಲಸ ನೇರವಾಗಿದ್ದಿದ್ದರೆ ಕ್ಷಮಿಸಬಹುದಾಗಿದ್ದಿತು. ಡೇಟನ್‌ನಲ್ಲಿ ಮೃತರಿಗಾಗಿ ಸೇರಿದ್ದ ಜನ ಅಲ್ಲಿಯ ಗವರ್ನರರು ಮಾತನಾಡುತ್ತಿರುವಾಗ ‘ಏನಾದರೂ ಮಾಡಿ’ ಎಂದು ಕೂಗಿ ಕೂಗಿ ಅವರ ಮಾತನ್ನೇ ಮುಳುಗಿಸಿದ್ದರು. ಬಂದೂಕು ಕೊಳ್ಳುವವರ ಪೂರ್ವಚರಿತ್ರೆಯನ್ನು ತಪಾಸಣೆ ಮಾಡುವ ನಿಯಮವನ್ನು ವಿಸ್ತರಿಸುವ ಮಸೂದೆಯನ್ನು ಪ್ರತಿನಿಧಿಸಭೆ ಫೆಬ್ರವರಿಯಲ್ಲಿಯೇ ಅಂಗೀಕರಿಸಿ ಕಳುಹಿಸಿತ್ತು. ಸೆನೆಟ್ ಅದನ್ನು ಕೈಗೆತ್ತಿಕೊಂಡಿರಲಿಲ್ಲ. ಆಗಸ್ಟ್ 9ರಂದು ತಪಾಸಣೆ ಬಿಗಿಯಾಗಬೇಕೆಂದ ಅಧ್ಯಕ್ಷರು ತಿಂಗಳು ಮುಗಿಯುವ ಮುನ್ನವೇ ಈಗಿರುವುದೇ ಬಹಳ ಬಿಗಿಯಾಗಿದೆ ಎಂದರು. ನಡುವೆ ಬಂದೂಕುಗಾರರ ಸಂಘದ ಮುಖ್ಯಸ್ಥರೊಡನೆ ದೂರವಾಣಿಯಲ್ಲಿ ಮಾತುಕತೆ ನಡೆದಿತ್ತು. ಆ ಮಸೂದೆ ಅವರ ಆ ಅಧಿಕಾರಾವಧಿಯಲ್ಲಿ ಕಾಯಿದೆಯಾಗಲೇ ಇಲ್ಲ. ಲಾಸ್ ವೇಗಸ್ಸಿನ ಕಗ್ಗೊಲೆಯ ಬಳಿಕ, ಬಂದೂಕನ್ನು ಯಂತ್ರಬಂದೂಕಿನಂತೆ ಸಿಡಿಸುವ ‘ಬಂಪ್ ಸ್ಟಾಕ್’ ಎಂಬ ಸಾಧನವನ್ನು ಅವರ ಸರ್ಕಾರ ನಿಷೇಧಿಸಿದುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿದುದು ಬೇರೆ ಮಾತು.

ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ 1996ರ ಏಪ್ರಿಲ್ 28ರಂದು 35 ಮಂದಿ ಹತರಾದಾಗ ಜಾನ್ ಹೊವರ್ಡರು ಪ್ರಧಾನಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಅವರೂ ಬಲಪಂಥದವರೇ, ಬಂದೂಕು ಇಟ್ಟುಕೊಂಡ ಹಳ್ಳಿಗರಲ್ಲಿ ಅನೇಕರು ಅವರ ಪಕ್ಷದವರಿಗೋ ಮಿತ್ರಪಕ್ಷಕ್ಕೋ ಮತ ಹಾಕಿದವರು. ಎರಡು ವಾರದೊಳಗೆ ಎಲ್ಲ ಸಂಸ್ಥಾನಗಳನ್ನೂ ಒಪ್ಪಿಸಿ ಹೊಸ ಕಟ್ಟಳೆ ತಂದರು. ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಸರ್ಕಾರ ಹಣ ಕೊಟ್ಟು ಹಿಂದಕ್ಕೆ ಪಡೆಯಿತು. ರೇಗಿದ ಬಂದೂಕುದಾರರ ಎದುರು ನಿಲ್ಲಲು ಅವರು ಗುಂಡುನಿರೋಧಕ ಕವಚ ತೊಟ್ಟು ಸೇಲ್ ಎಂಬ ಊರಿಗೆ ಹೋದರು. ಕೋಟಿನ ಕೆಳಗೆ ಅದು ಎದ್ದು ಕಾಣುತ್ತಿದ್ದಿತು. ತೊಟ್ಟುದಕ್ಕೆ ಮುಂದೆ ಅವರೇ ಪಶ್ಚಾತ್ತಾಪಪಟ್ಟರು. ಸಾಂತ್ವನದ ನುಡಿಯಲ್ಲಿ ಅವರೇನೂ ನಿಪುಣರೆಂದು ನನಗೆ ಅನ್ನಿಸಿಲ್ಲ. ಆದರೆ ಅವರು ಹೋದುದು ತಮ್ಮನ್ನು ಬೈಯುವವರ ಬಳಿಗೆ.

2018ರ ಫೆಬ್ರವರಿಯಲ್ಲಿ ಫ್ಲಾರಿಡದ ಪಾರ್ಕ್‌ಲೆಂಡ್ ಶಾಲೆಯಲ್ಲಿ 17 ಮಂದಿ ಸತ್ತ ವಾರದೊಳಗೆ ಟ್ರಂಪರು ವಿದ್ಯಾರ್ಥಿಗಳನ್ನೂ ಮಕ್ಕಳನ್ನು ಕಳೆದುಕೊಂಡವರನ್ನೂ ಶ್ವೇತಭವನಕ್ಕೆ ಕರೆದು ಅವರ ದುಃಖವನ್ನು ಕೇಳಿದ್ದರು. ಅವರ ಕೈಯಲ್ಲಿದ್ದ ಚೀಟಿ ಛಾಯಾಚಿತ್ರಗಾರರ ಕಣ್ಣಿಗೆ ಬಿದ್ದಿತು. ಕೇಳಬೇಕಾದ ಪ್ರಶ್ನೆಗಳ ಕೊನೆಯಲ್ಲಿ ಒಂದು ಸಾಲು: ‘ನಿಮ್ಮ ಮಾತು ನನಗೆ ಕೇಳಿಸುತ್ತಿದೆ.’ ಚೀಟಿ ಇಟ್ಟುಕೊಳ್ಳುವುದು ತಪ್ಪಲ್ಲ. ಅಂಕಿಗಳನ್ನೂ ಹೆಸರುಗಳನ್ನೂ ನಾನೂ ಬರೆದಿಟ್ಟುಕೊಳ್ಳುತ್ತೇನೆ. ಕೇಳಿಸುತ್ತಿದೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕಾಗಿ ಬಂದಿತಲ್ಲ!

2024ರ ಜನವರಿ 4ರಂದು ಅಯೋವ ಸಂಸ್ಥಾನದ ಪೆರಿ ಎಂಬ ಊರಿನ ಶಾಲೆಯಲ್ಲಿ ಗುಂಡು ಹಾರಿ ಆರನೆಯ ತರಗತಿಯ ಬಾಲಕನೊಬ್ಬನು ಸತ್ತನು. ಮರುದಿನ ಅದೇ ಸಂಸ್ಥಾನದಲ್ಲಿ ಚುನಾವಣೆಯ ಸಭೆ ನಡೆಸಿದ ಟ್ರಂಪರು ಇದು ಘೋರವೆಂದು ಹೇಳಿ, ಆದರೂ ಇದನ್ನು ಮರೆತು ಮುಂದೆ ಸಾಗಬೇಕು ಎಂದರು. ಕಠೋರವೆಂದು ಬಹುಮಂದಿ ಸಿಟ್ಟಾದರು. ನನಗೇಕೋ ಈ ವಿಷಯದಲ್ಲಿ ಅವರು ಆಡಿದ ಮಾತುಗಳಲ್ಲೆಲ್ಲ ಮನಸ್ಸಿನಿಂದ ಬಂದ ಮಾತು ಇದೊಂದೇ ಎಂದು ತೋರಿತು.

ಎಲ್ ಪಾಸೊದ ಆ ಹಸುಗೂಸಿಗೆ ಈಗ ಶಾಲೆಗೆ ಹೋಗುವ ವಯಸ್ಸು. ಅಲ್ಲಿಯ ಶಾಲೆಗಳಲ್ಲಿ ದೀಪವಾರಿಸಿ, ಬಾಗಿಲು ಭದ್ರಪಡಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಅಡಗಿ ಕೂರುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಾರೆ.