ದುಡ್ಡು ಕೊಟ್ಟವನಿಗೇ ಬೀಗ

ಇ-ರೀಡರ್ ಯಾಕೆ ನಮ್ಮಲ್ಲಿ ಇನ್ನೂ ಮನೆಮಾತಾಗಿಲ್ಲ ಅಂತ ಕೇಳಿದರೆ ಎಲ್ಲರದ್ದೂ ಒಂದೇ ರಾಗ: ಪುಸ್ತಕದ ವಾಸನೆ ಬರಲ್ಲ, ಹಾಳೆ ಮಗುಚಿದ ಸುಖ ಇಲ್ಲ. ಕ್ಯಾಸೆಟ್ಟನ್ನು ಅಷ್ಟೊಂದು ಪ್ರೀತಿಸುತ್ತಿದ್ದ ನಾವೇ ಎಂಪಿ-ತ್ರೀ ಬಂದಾಗ ತಿರುಗಿ ನೋಡಲಿಲ್ಲ. ವಾಸನೆ ಬರೀ ನೆಪ ಸ್ವಾಮಿ. ನಿಜವಾದ ಅಡ್ಡಗಾಲು ಡಿಆರ್‌ಎಂ, ಅಂದರೆ ಇ-ಪುಸ್ತಕಕ್ಕೆ ಜಡಿಯುವ ಡಿಜಿಟಲ್ ಬೀಗ.

ನಮ್ಮೂರಿಗೆ ಒಂದು ಕಾದಂಬರಿ ಬಂದರೆ ಹತ್ತು ಮನೆ ಸುತ್ತುತ್ತಿತ್ತು. ರಟ್ಟು ಕಿತ್ತು, ಎಣ್ಣೆ ಕಲೆ ಮೆತ್ತಿಕೊಂಡು ವಾಪಸ್ ಬರುತ್ತಿತ್ತು. ಕೆಲವು ಸಲ ಬರುತ್ತಲೂ ಇರಲಿಲ್ಲ. ನಾನು ಓದುಗನಾದದ್ದೇ ಹಾಗೆ ಎರವಲು ತಂದು. ಈಗ ಸಂಬಳ ಬರುತ್ತೆ, ಕೊಂಡು ಓದುತ್ತೇನೆ. ಆದರೆ ಕೊಂಡ ಇ-ಪುಸ್ತಕವನ್ನು ಊರಲ್ಲಿರುವ ತಂಗಿಗೆ ಕೊಡಬೇಕೆಂದರೆ ನನ್ನ ಅಕೌಂಟನ್ನೋ ಇಡೀ ರೀಡರನ್ನೋ ಕೊಡಬೇಕು. ನಾಳೆ ನಾನೇ ಬೇರೆ ಕಂಪನಿಯ ರೀಡರ್ ಕೊಂಡರೆ, ಬೀಗದ ಜಾತಿ ಬೇರೆಯಾದರೆ, ಹಳೇ ಪುಸ್ತಕ ತೆರೆಯಲ್ಲ. ಮೊದಲ ರೀಡರ್ ಕೊಳ್ಳುವುದೆಂದರೆ ಒಂದೇ ಅಂಗಡಿಗೆ ಜೀತಕ್ಕೆ ನಿಂತ ಹಾಗೆ. ಇಷ್ಟು ಗೊತ್ತಿರುವವನು ಸಾವಿರಾರು ರೂಪಾಯಿ ಯಾಕೆ ಸುರಿಯುತ್ತಾನೆ?

ಸುಮ್ಮನೆ ಹೆದರಿಸುತ್ತಿಲ್ಲ. 2009ರ ಜುಲೈನಲ್ಲಿ ಅಮೆಜಾನ್ ಓದುಗರು ಕೊಂಡಿದ್ದ ಪುಸ್ತಕಗಳನ್ನು ಅವರ ಕಿಂಡಲ್‌ನಿಂದ ದೂರದಿಂದಲೇ ಅಳಿಸಿಹಾಕಿತು. ಯಾವ ಪುಸ್ತಕ ಅಂತೀರಿ? ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’! ಅವನ್ನು ಅಲ್ಲಿ ಮಾರಾಟಕ್ಕಿಟ್ಟವರಿಗೆ ಹಕ್ಕೇ ಇರಲಿಲ್ಲ ಅನ್ನೋದು ಕಾರಣ. ದುಡ್ಡು ವಾಪಸ್ ಬಂತು, ಆಮೇಲೆ ಕ್ಷಮೆಯೂ ಬಂತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಅಂಗಡಿಯ ಜೊತೆ ಓದುಗರ ಪುಸ್ತಕಗಳೂ ಮಾಯ. ಆಗಲೂ ದುಡ್ಡು ವಾಪಸ್, ಪುಟದಲ್ಲಿ ಟಿಪ್ಪಣಿ ಬರೆದಿಟ್ಟವರಿಗೆ ಮೇಲೆ 25 ಡಾಲರ್. ನಿಮ್ಮ ಟಿಪ್ಪಣಿಗೆ ಅವರೇ ಕಟ್ಟಿದ ಬೆಲೆ.

ಹಾಗಾದರೆ ಲೇಖಕರ ಹೊಟ್ಟೆಪಾಡು? ನ್ಯಾಯವಾದ ಪ್ರಶ್ನೆಯೇ. ಆದರೆ ಕಳ್ಳನಿಗೆ ಈ ಬೀಗ ಲೆಕ್ಕಕ್ಕಿಲ್ಲ. ಪುಟ ಪರದೆ ಮೇಲೆ ಮೂಡಬೇಕೆಂದರೆ ಬೀಗ ಬಿಚ್ಚುವ ಕೀಲಿ ಓದುವವನ ಕೈಯಲ್ಲಿರುವ ಯಂತ್ರದೊಳಗೇ ಇರಬೇಕು. ಪೆಟ್ಟಿಗೆ, ಕೀಲಿ ಎರಡನ್ನೂ ಕೈಗೆ ಕೊಟ್ಟು ‘ತೆಗೀಬೇಡ’ ಅಂದರೆ, ಪ್ರೋಗ್ರಾಂ ಬರೆದು ಬದುಕುವ ನನ್ನಂಥವರಿಗೆ ನಗು ಬರುತ್ತೆ. ಒಬ್ಬ ಬಿಚ್ಚಿದರೆ ಸಾಕು, ಟೆಲಿಗ್ರಾಂನಲ್ಲಿ ಊರೆಲ್ಲಾ ಸುತ್ತುತ್ತೆ. ಕದ್ದ ಪ್ರತಿ ಎಲ್ಲಾ ಯಂತ್ರದಲ್ಲೂ ತೆರೆಯುತ್ತೆ, ಕೊಂಡದ್ದು ತೆರೆಯಲ್ಲ!

ವೈಜ್ಞಾನಿಕ ಕಾದಂಬರಿಗಳ ಪ್ರಕಾಶಕರಾದ ಟಾರ್ 2012ರಲ್ಲಿ ಈ ಬೀಗ ಕಿತ್ತುಹಾಕಿದರು. ವರ್ಷ ಕಳೆದ ಮೇಲೆ, ಕಳ್ಳ ಪ್ರತಿಗಳು ಕಣ್ಣಿಗೆ ಬೀಳುವಷ್ಟು ಹೆಚ್ಚಿಲ್ಲ ಅಂತ ಅವರ ಬ್ರಿಟನ್ ಶಾಖೆಯೇ ಹೇಳಿತು.

ನಮ್ಮಲ್ಲೂ ಎಷ್ಟೋ ಕನ್ನಡ ಇ-ಪುಸ್ತಕ ಕೊಂಡರೆ ಮಾರಿದವರ ಆ್ಯಪ್ ಒಳಗೇ ಕೂತು ಓದಬೇಕು. ಪ್ರಕಾಶಕರೇ, ಬೀಗವಿಲ್ಲದ ಇಪಬ್ ಕೊಡಿ. ಬೇಕಿದ್ದರೆ ಮೊದಲ ಪುಟದಲ್ಲಿ ಕೊಂಡವನ ಹೆಸರು ಹಾಕಿ. ನನ್ನ ಹೆಸರಿರುವ ಪ್ರತಿಯನ್ನು ನಾನಂತೂ ಟೆಲಿಗ್ರಾಂಗೆ ಹಾಕಲ್ಲ. ಅಂಥ ಹತ್ತು ಒಳ್ಳೇ ಪುಸ್ತಕ ತನ್ನಿ, ತಂಗಿಗೂ ಒಂದು ರೀಡರ್ ಕೊಡಿಸುತ್ತೇನೆ.