ಅಂಗಸಾಧನೆ: ಗುಂಡೋ, ಯಂತ್ರವೋ?

ಶರೀರಬಲವನ್ನು ಗಳಿಸಬೇಕೆಂಬ ಹಂಬಲವು ತಾರುಣ್ಯಕ್ಕೆ ಸಹಜವಾದುದು. ಕಾತ್ರಜದ ಬೀದಿಗಳಲ್ಲಿ ಇಂದು ಗಾಜಿನ ಬಾಗಿಲುಗಳ ವ್ಯಾಯಾಮಶಾಲೆಗಳು ಕಣ್ಸೆಳೆಯುತ್ತವೆ. ಒಳಗಿನ ಯಂತ್ರಗಳನ್ನು ಹೊರಗೆ ನಿಂತು ನೋಡುವ ವಿದ್ಯಾರ್ಥಿಗಳು, ಯಂತ್ರವಿಲ್ಲದೆ ಬಲವಿಲ್ಲ, ಹಣವಿಲ್ಲದೆ ಯಂತ್ರವಿಲ್ಲ ಎಂದು ಮನಗುಂದುವುದುಂಟು. ತಿಂಗಳ ಶುಲ್ಕಕ್ಕಾಗಿ ಮನೆಯಲ್ಲಿ ಹಟ ಹಿಡಿಯುವವರೂ ಉಂಟು. ಆದಕಾರಣ ಈ ವಿಷಯವನ್ನು ವಿವೇಚಿಸುವುದು ಯುಕ್ತವೆಂದು ಭಾವಿಸಿದ್ದೇವೆ.

ಗುಂಡುಕಲ್ಲು, ಗದೆ, ಡಂಬೆಲ್ಲು, ಬಾರ್‌ಬೆಲ್ಲು ಇವೆಲ್ಲ ಬಿಡಿ ಭಾರಗಳು. ಇವನ್ನು ಎತ್ತಿದರಷ್ಟೇ ಸಾಲದು. ಅತ್ತಿತ್ತ ವಾಲದಂತೆ ಹಿಡಿಯಲೂ ಬೇಕು. ಆಗ ತೋಳಿನೊಡನೆ ಹೊಟ್ಟೆ, ಬೆನ್ನು, ಸೊಂಟ, ಪಾದಗಳೆಲ್ಲವೂ ದುಡಿಯುತ್ತವೆ. ಯಂತ್ರದಲ್ಲಾದರೋ ಭಾರವು ಕಂಬಿಗಳ ನಡುವೆ ಗೊತ್ತಾದ ದಾರಿಯಲ್ಲಿಯೇ ಚಲಿಸುತ್ತದೆ. ಸಮತೋಲದ ಹೊಣೆಯನ್ನು ಯಂತ್ರವೇ ಬಹುಮಟ್ಟಿಗೆ ವಹಿಸಿಕೊಳ್ಳುತ್ತದೆ.

ನಮ್ಮ ನಾಡಿನ ಗರಡಿಮನೆಗಳು ಬಿಡಿ ಭಾರವನ್ನೇ ನಂಬಿದ್ದವು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಕುಂದಾಪುರದ ಕಡೆಯ, ಲಾರಿ ಚಾಲಕರೊಬ್ಬರ ಮಗನಾದ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿಯನ್ನೂ, 2022ರಲ್ಲಿ 269 ಕಿಲೋಗ್ರಾಂ ಎತ್ತಿ ಕಂಚನ್ನೂ ಗಳಿಸಿದರು. ಅವರು ಎತ್ತಿದುದೂ ಬಿಡಿ ಭಾರವನ್ನೇ.

ಹಾಗೆಂದು ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ಸ್ವೀಡನ್ ದೇಶದ ವೈದ್ಯ ಗುಸ್ತಾವ್ ಝಾಂಡರ್ 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ಯಂತ್ರಗಳ ವ್ಯಾಯಾಮಶಾಲೆಯನ್ನು ತೆರೆದುದು ಚಿಕಿತ್ಸೆಯ ಉದ್ದೇಶದಿಂದ. ಪೆಟ್ಟಿನಿಂದ ಚೇತರಿಸಿಕೊಳ್ಳುವವರಿಗೂ, ವೃದ್ಧರಿಗೂ, ಒಂದೇ ಸ್ನಾಯುವನ್ನು ಬೆಳೆಸಬೇಕಾದವರಿಗೂ ಯಂತ್ರವು ಉಪಕಾರಿ. ಭಾರವು ಕೈಜಾರಿ ಮೈಮೇಲೆ ಬೀಳುವ ಭಯವೂ ಅಲ್ಲಿ ಕಡಮೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಪ್ರಕಾರ, ಸ್ನಾಯುವಿನ ಬೆಳವಣಿಗೆಯಲ್ಲಿ ಎರಡು ವಿಧಾನಗಳಿಗೂ ಗಮನಾರ್ಹ ವ್ಯತ್ಯಾಸವಿಲ್ಲ. ಬಿಡಿ ಭಾರದಿಂದ ಸಾಧನೆ ಮಾಡಿದವರು ಮಾತ್ರ ಬಿಡಿ ಭಾರವನ್ನು ಎತ್ತುವುದರಲ್ಲಿ ಮುಂದಾದರು. ಈಜನ್ನು ನೀರಿನಲ್ಲಿಯೇ ಕಲಿಯಬೇಕೆಂಬ ಮಾತಿನಂತೆಯೇ ಇದು.

ಇಲ್ಲಿಯೇ ನಮ್ಮ ಅಭಿಮತವಿದೆ. ಜೀವನದಲ್ಲಿ ನಾವು ಹೊರಬೇಕಾದ ಭಾರಗಳು ಕಂಬಿಗಳ ನಡುವೆ ಬರುವುದಿಲ್ಲ. ನೀರಿನ ಕೊಡವಾಗಲಿ, ಅಕ್ಕಿಯ ಚೀಲವಾಗಲಿ, ಎತ್ತುವಾಗ ಅತ್ತಿತ್ತ ವಾಲಬಹುದು. ಮೊಣಕಾಲು ಮಡಿಸಿ, ಬೆನ್ನನ್ನು ನೆಟ್ಟಗಿರಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳುವ ಕ್ರಮವನ್ನು ಬಿಡಿ ಭಾರವು ಕಲಿಸುತ್ತದೆ. ನಿಮ್ಮಲ್ಲಿ ಕೆಲವರ ತಂದೆಯವರು ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುತ್ತಾರೆ. ತಾಯಂದಿರು ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಾರೆ. ಅವರ ಬಲಕ್ಕೆ ಯಾವ ಯಂತ್ರವೂ ಕಾರಣವಲ್ಲ. ಆದರೆ ದುಡಿಮೆಯೇ ವ್ಯಾಯಾಮವೆಂದು ಬಗೆಯಬಾರದು. ವ್ಯಾಯಾಮದಲ್ಲಿ ಭಾರವನ್ನು ನಾವೇ ಆರಿಸುತ್ತೇವೆ, ದಣಿದಾಗ ಇಳಿಸುತ್ತೇವೆ, ಮರುದಿನ ಮೈಗೆ ವಿಶ್ರಾಂತಿ ಕೊಡುತ್ತೇವೆ. ಕೂಲಿಯಲ್ಲಿ ಈ ಮೂರೂ ದೊರೆಯುವುದು ದುರ್ಲಭ. ಸರಿಯಾಗಿ ಎತ್ತುವುದನ್ನು ಕಲಿತ ಮಗನೋ ಮಗಳೋ ಅದನ್ನು ಮನೆಯಲ್ಲಿ ತಿಳಿಸಿಕೊಟ್ಟರೆ ಹಿರಿಯರ ಬೆನ್ನಿಗೂ ಹಿತವಾದೀತು.

ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈ ದಣಿಸಬೇಕು, ವಾರದಲ್ಲಿ 3 ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಚಟುವಟಿಕೆ ಅದರಲ್ಲಿ ಸೇರಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಇದು ಹುಡುಗಿಯರಿಗೂ ಸಮಾನವಾಗಿ ಅನ್ವಯಿಸುತ್ತದೆ. ಮೊದಲು ದಂಡ, ಬೈಠಕ್ಕುಗಳಿಂದ ನಿಮ್ಮ ಮೈಭಾರವನ್ನೇ ಎತ್ತಲು ಕಲಿಯಿರಿ, ಅದಕ್ಕೆ ಶುಲ್ಕವಿಲ್ಲ. ಬಳಿಕ ಬಲ್ಲವರ ಕಣ್ಣೆದುರಿನಲ್ಲಿ ಹಗುರವಾದ ಬಿಡಿ ಭಾರವನ್ನು ಹಿಡಿಯಿರಿ. ಗೆಳೆಯರ ಮುಂದೆ ಮೆರೆಯಲೆಂದು ಶಕ್ತಿಮೀರಿ ಎತ್ತಬೇಡಿರಿ. ಮುಂದೆಂದಾದರೂ ಯಂತ್ರವು ದೊರೆತರೆ ಅದನ್ನೂ ಬಳಸಿರಿ; ದೊರೆಯದಿದ್ದರೆ ಅದಕ್ಕಾಗಿ ಮನೆಯವರನ್ನು ಸಾಲಕ್ಕೆ ನೂಕಬೇಡಿರಿ.